ಉದ್ದ ಪೆಟ್ಟಿಗೆಗೆ ಕೆಂಪು ಪಾಕ

ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಗಳ ಹಾಸಿಗೆ ಪಕ್ಕ ಕೂತು, ಮೊಮ್ಮಗಳ ಮುಖ ನೋಡಿ ಮನೆಗೆ ಬಂದ ಕಂಡಕ್ಟರಮ್ಮ ಕೈಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಜೇನುಪೆಟ್ಟಿಗೆಯ ಮುಂಭಾಗ ಕಣ್ಣಿಗೆ ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು. ಹುಳಗಳು ಓಡಾಡುವ ಕಿಂಡಿಯ ಸುತ್ತ ಕಂದು ಗೀರುಗಳು, ಯಾರೋ ಕೊಳಕು ಕುಂಚ ಕೊಡವಿದ ಹಾಗೆ. ಕೆಳಗೆ ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಊದಿಕೊಂಡ ಹುಳಗಳು ಹಾರಲಾರದೆ ತೆವಳುತ್ತಿದ್ದವು. ಸತ್ತವನ್ನು ಎಣಿಸುವಂತಿರಲಿಲ್ಲ, ಗುಡಿಸುವಂತಿದ್ದವು.

ಜೇನುಹುಳಕ್ಕೆ ಭೇದಿ ಹಿಡಿದರೆ ಹೀಗೇ. ತಿನ್ನಬಾರದ್ದನ್ನು ತಿಂದಿವೆ.

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದು ಅವಳ ಸೊಂಟ ಕೈಕೊಟ್ಟಿತ್ತು. ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳನ್ನು ಎತ್ತಿ ಇಳಿಸುವ ಜೇನುಸಾಕಣೆ ಆಗದ ಮಾತು. ಅದಕ್ಕೇ ಸೊಂಟದೆತ್ತರಕ್ಕೆ ಕಾಲು ಕೊಟ್ಟು, ಆಳುದ್ದದ ಒಂದೇ ಪೆಟ್ಟಿಗೆ ಮಾಡಿಸಿದ್ದಳು. “ಇದೇನಮ್ಮ, ನಿಮ್ಮ ಅಳತೆಗೇ ಇದೆಯಲ್ಲ?” ಎಂದು ಬಡಗಿ ನಕ್ಕಿದ್ದಕ್ಕೆ, “ಮೊದಲು ನೀನು ಮಲಗಿ ನೋಡಪ್ಪ, ಸರಿಹೋದ್ರೆ ಆಮೇಲೆ ನಾನು” ಅಂದಿದ್ದಳು.

ಅವಳ ಲೆಕ್ಕದಲ್ಲಿ ಅದೂ ಒಂದು ಬಸ್ಸೇ. ಹುಳಗಳು ಮೇಣದ ಎರಿ ಕಟ್ಟಿದ ಚೌಕಟ್ಟುಗಳು ಸೀಟಿನ ಹಾಗೆ ಒಂದರ ಹಿಂದೆ ಒಂದು. ಮುಂಬಾಗಿಲ ಹತ್ತಿರ ರಾಣಿ, ಮಕ್ಕಳುಮರಿ. ಹಿಂದಿನ ಸೀಟುಗಳಲ್ಲಿ ಜೇನುತುಪ್ಪದ ದಾಸ್ತಾನು. ಅದರ ಹಿಂದೆ ಒಂದು ಅಡ್ಡಹಲಗೆ, ಹಲಗೆಯಾಚೆ ಖಾಲಿ ಜಾಗ. ಹೂವಿಲ್ಲದ ಮಳೆಯ ದಿನಗಳಲ್ಲಿ ಆ ಖಾಲಿ ಜಾಗದಲ್ಲಿ ಸಕ್ಕರೆನೀರಿನ ತಟ್ಟೆ ಇಟ್ಟು, ಹುಳ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಟ್ಟರೆ, ಹಲಗೆಯ ಕೆಳಗಿನ ಸಂದಿಯಿಂದ ನುಸುಳಿ ಬಂದು ಕುಡಿದುಹೋಗುತ್ತವೆ. ಇದಿಷ್ಟನ್ನು ಹೊರಡುವಾಗ ತಮ್ಮನಿಗೆ ಮೂರು ಸಲ ಹೇಳಿದ್ದಳು. ಒಂದು ಲೋಟ ಸಕ್ಕರೆ, ಒಂದು ಲೋಟ ನೀರು. ಬೆಚ್ಚಗಿನ ನೀರಲ್ಲಿ ಕರಗಿಸಿ, ಆರಿಸಿ, ಸಂಜೆ ಇಡು. ಅಷ್ಟೇ.

ಹಿಂಬದಿಯ ಮುಚ್ಚಳ ಎತ್ತಿದಳು. ತಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಗಟ್ಟಿ ಪಾಕ. ಬೆರಳದ್ದಿ ನೆಕ್ಕಿದಳು. ನಿಂಬೆಹುಳಿ, ಜೊತೆಗೆ ಸುಟ್ಟ ಸಕ್ಕರೆಯ ಕಹಿ.

ತಮ್ಮನ ಬೇಕರಿ ಎರಡು ಬೀದಿಯಾಚೆ. ಬೆಳಗಿನ ಹನ್ನೊಂದರ ಹೊತ್ತು, ಗಾಜಿನ ಕಪಾಟಿನ ಮುಂದೆ ಐದಾರು ಜನ ನಿಂತಿದ್ದರು. ಕಂಡಕ್ಟರಮ್ಮ ಎಲ್ಲರನ್ನೂ ಸರಿಸಿಕೊಂಡು ಬಂದು ತಟ್ಟೆಯನ್ನು ಕಪಾಟಿನ ಮೇಲೆ ಕುಕ್ಕಿದಳು.

“ಏನೋ ಇದು?”

“ಅಕ್ಕಾ! ಯಾವಾಗ ಬಂದೆ? ಮಗು ಯಾರ ಹಾಗಿದೆ?”

“ಮಗು ಆಮೇಲೆ. ಇದೇನು ಹೇಳು.”

“ಪಾಕ.” ಅವನ ಮುಖ ಅರಳಿತು. “ನೀನು ಹೇಳಿದ್ದು ಬರೀ ನೀರು ಕಣೇ. ಅದರಲ್ಲಿ ಏನಿರುತ್ತೆ ಸತ್ವ? ನಾನೇ ನಿಂತು ಚೆನ್ನಾಗಿ ಕುದಿಸಿ, ಎಳೆ ಬರೋ ತನಕ ಕಾಯಿಸ್ದೆ. ಗಟ್ಟಿಯಾಗಿ ಹರಳು ಕಟ್ಟಬಾರದು ಅಂತ ನಿಂಬೆಹಣ್ಣೂ ಹಿಂಡ್ದೆ. ಮೂವತ್ತು ವರ್ಷದ ಕೈ ಇದು.”

“ಆ ಕೈ ಮುರಿಯಾ! ನಿನ್ನ ಕೇಕ್ ತಿನ್ನೋರು ಬೇರೆ, ಅವು ಬೇರೆ ಕಣೋ. ಸುಟ್ಟ ಸಕ್ಕರೆ ಅವಕ್ಕೆ ವಿಷ. ಮಳೆಗೆ ಆಚೆ ಹೋಗೋಕಾಗದೆ ಗೂಡೊಳಗೇ ಹೊಟ್ಟೆ ಕೆಟ್ಟು ಸಾಯ್ತಿವೆ. ಹೇಳಿದಷ್ಟು ಮಾಡೋಕೆ ನಿನಗೇನು ದಾಡಿ?”

ಬ್ರೆಡ್ಡಿಗೆ ಕಾಯುತ್ತಿದ್ದ ಅಜ್ಜಿ, “ನನ್ನದೊಂದು ಕೊಟ್ಟುಬಿಡಪ್ಪ, ಆಮೇಲೆ ಬೈಸ್ಕೊ” ಎಂದಳು. ಯಾರೋ ಕಿಸಕ್ಕೆಂದರು. ತಮ್ಮನ ಮುಖ ಕೆಂಪೇರಿತು. ಜನರೆದುರು ತನ್ನ ಪಾಕಕ್ಕೆ ವಿಷ ಅನ್ನುವ ಮಾತನ್ನು ಅವನು ಈವರೆಗೆ ಕೇಳಿರಲಿಲ್ಲ.

“ಹೂಂ, ನಾನು ಮಾಡಿದ್ದು ತಪ್ಪು,” ಎಂದ. “ಆದ್ರೆ ಅವು ಇಷ್ಟೊಂದು ಕುಡಿಯೋ ಹಾಗೆ ಮಾಡಿದ್ಯಾರು? ಹಿಂದಿನ ನಾಲ್ಕು ಎರಿ ಕಿತ್ತು, ಹಿಂಡಿ, ಬಾಟಲಿ ತುಂಬಿಸ್ಕೊಂಡು ಹೋದೆಯಲ್ಲ, ಬೀಗಿತ್ತಿ ಮುಂದೆ ಜಂಬ ಕೊಚ್ಚೋಕೆ? ಅವುಗಳ ಊಟ ಅಲ್ವಾ ಅದು? ಖಾಲಿ ಮಾಡಿದೋಳು ನೀನು, ಬೈಗುಳ ನನಗೆ!”

ಕಂಡಕ್ಟರಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾತು ನಿಜವಾಗಿತ್ತು. ಬೀಗಿತ್ತಿ ಬಾಟಲಿಯನ್ನು ಬೆಳಕಿಗೆ ಹಿಡಿದು “ಇದು ನಿಮ್ಮ ಮನೇದೇನಾ?” ಎಂದು ಕೇಳಿದಾಗ ಹಿಗ್ಗಿದ್ದೂ ನಿಜ. ಮಳೆಗಾಲಕ್ಕೆ ಬಿಡಬೇಕಾದ ನಾಲ್ಕನ್ನೂ ತೆಗೆದು, ತಮ್ಮ ಹೇಗೂ ಉಣಿಸುತ್ತಾನೆ ಎಂದು ಹೊರಟುಬಿಟ್ಟಿದ್ದಳು. ಆದರೆ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಅರ್ಧ ಸಿಟ್ಟನ್ನು ಇನ್ನು ತಾನೇ ಇಟ್ಟುಕೊಳ್ಳಬೇಕಲ್ಲ.

“ಅಂಗಡಿ ಹೆಂಡ್ತಿಗೆ ಬಿಟ್ಟು ಬಾ,” ಎಂದಳು. “ಮುಚ್ಚಳ ಇರೋ ಹಿಟ್ಟಿನ ಡಬ್ಬಿ ಒಂದು ತಗೋ.”

ಮಳೆ ನಿಂತು ಹೊಳವಾಗಿತ್ತು. ತಮ್ಮ ಬೇಕರಿ ಟೊಪ್ಪಿಯ ಮೇಲೆ ಹೆಂಡತಿಯ ತೆಳು ದುಪಟ್ಟಾವನ್ನು ಮುಖ ಮುಚ್ಚುವಂತೆ ಸುತ್ತಿಕೊಂಡು ಬಂದ. ಕಂಡಕ್ಟರಮ್ಮ ಹೊಗೆ ಊದಿದಳು, ಅವನು ಹಿಂದಿನಿಂದ ಒಂದೊಂದೇ ಚೌಕಟ್ಟು ಎತ್ತಿದ. ಹಲಗೆಗೆ ತಾಗಿದ್ದ ಮೂರರ ಕಣ್ಣುಕಣ್ಣಲ್ಲೂ ಕೆಂಪು ಪಾಕ ತುಂಬಿತ್ತು. ಆ ಸೊರಗಿದ ಹುಳಗಳು ಇದನ್ನೂ ಹೊತ್ತು, ಜೋಡಿಸಿ, ಒಪ್ಪವಾಗಿ ಇಟ್ಟಿದ್ದವು. ಅವನು ಚೌಕಟ್ಟನ್ನು ಹಾಗೇ ಅಕ್ಕನ ಕಡೆ ತಿರುಗಿಸಿ ಹಿಡಿದ.

“ಕೊಡವು. ಹುಳ ಒಳಗೆ, ಎರಿ ಡಬ್ಬಿಗೆ. ಮುಚ್ಚಳ ಬಿಗಿ ಮಾಡು.”

“ಅಯ್ಯಯ್ಯೋ, ಗಲ್ಲಕ್ಕೆ ಕಚ್ತು!”

“ಸದ್ಯ, ಕಚ್ಚೋಷ್ಟು ತ್ರಾಣ ಇದೆಯಲ್ಲ.”

ಎಂಟು ಸೀಟು ತುಂಬಿ ಕೂರುತ್ತಿದ್ದ ಹುಳಗಳು ಈಗ ಮೂರಕ್ಕೂ ಸಾಲದಾಗಿದ್ದವು. ಎರಡನೆಯದರಲ್ಲಿ ರಾಣಿ ಇತ್ತು, ಹೊಟ್ಟೆ ಇಳಿದಿತ್ತು, ನಡೆಯುತ್ತಿತ್ತು. ಇಷ್ಟು ಹುಳಕ್ಕೆ ಅಷ್ಟು ದೊಡ್ಡ ಮನೆ ಬೆಚ್ಚಗೆ ಇರುವುದಿಲ್ಲ. ಖಾಲಿ ಚೌಕಟ್ಟುಗಳನ್ನು ಹಿಂದಕ್ಕೆ ತಳ್ಳಿ, ಅಡ್ಡಹಲಗೆಯನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಜರುಗಿಸಿದಳು. ಉದ್ದ ಪೆಟ್ಟಿಗೆಯಲ್ಲಿ ಒಂದು ಮೊಳದ ಸಂಸಾರ ಉಳಿಯಿತು.

ಸಂಜೆ ಅವಳ ಅಡುಗೆಮನೆಯಲ್ಲಿ, ಅವಳ ಕಣ್ಣೆದುರೇ, ತಮ್ಮ ಒಂದು ಲೋಟ ಸಕ್ಕರೆಗೆ ಒಂದು ಲೋಟ ಬೆಚ್ಚನೆ ನೀರು ಸುರಿದ. ಕೈ ತಾನಾಗಿಯೇ ಒಲೆಯ ಕಡೆ ಹೋಯಿತು.

“ಮುಟ್ಟಿದ್ರೆ ನೋಡು!”

“ಅಭ್ಯಾಸ ಕಣೇ.”

ತಟ್ಟೆ ಇಟ್ಟು, ಇಬ್ಬರೂ ಕಾದರು. ಬಹಳ ಹೊತ್ತಿನ ಮೇಲೆ ಒಂದು ಹುಳ ಸಂದಿಯಿಂದ ಬಂದು ಕಡ್ಡಿಯ ಮೇಲೆ ಕೂತು ನಾಲಿಗೆ ಚಾಚಿತು. ಆಮೇಲೆ ಇನ್ನೆರಡು.

“ಬದುಕ್ತಾವಾ ಅಕ್ಕಾ?”

“ಗೊತ್ತಿಲ್ಲ. ಹೂ ಬಿಡೋಕೆ ಇನ್ನೂ ಆರು ವಾರ ಇದೆ. ಸೋಮವಾರ ಮಗೂನ ಮನೆಗೆ ಕಳಿಸ್ತಾರಂತೆ, ನಾನು ಮತ್ತೆ ಹೋಗ್ಲೇಬೇಕು. ನೀನೇ ಉಣಿಸ್ಬೇಕು.”

“ನನ್ನ ನಂಬ್ತೀಯಾ?”

“ಇಲ್ಲ. ದಿನಾ ಸಂಜೆ ಫೋನ್ ಮಾಡ್ತೀನಿ. ಬೆರಳದ್ದಿ ನೆಕ್ಕಿ, ಹೇಗಿದೆ ಹೇಳ್ಬೇಕು. ರುಚಿಯಾಗಿದೆ ಅಂದ್ಯೋ, ಬಂದು ಒದೀತೀನಿ.”

“ಬೀಗಿತ್ತಿ ಇನ್ನೊಂದು ಬಾಟಲಿ ಕೇಳಿದ್ರೆ?”

“ಬರಿಗೈಯಲ್ಲಿ ಹೋಗ್ತೀನಿ. ಮುಖ ಸಿಂಡರಿಸ್ಕೊಂಡ್ರೆ ಸಿಂಡರಿಸ್ಕೊಳ್ಳಿ,” ಎಂದು ಮುಚ್ಚಳವನ್ನು ದಡಾರನೆ ಹಾಕಹೋದವಳು, ಒಳಗಿನ ಮೂರು ಹುಳ ಕುಡಿಯುವುದನ್ನು ಕಂಡು, ತುಟಿ ಕಚ್ಚಿ, ಸದ್ದಾಗದಂತೆ ಇಳಿಸಿದಳು.