ಗಿರಣಿಯ ಅರಳೆ

ಮಹಾರುದ್ರಪ್ಪ ಸಾವುಕಾರನ ಬಾಯಲ್ಲಿ ಮಣ್ಣು ಬೀಳಲಿ. ಹೀಗೆ ಶಪಿಸದೆ ಈ ಮಾತು ಶುರು ಮಾಡಲು ನನಗೆ ಬರುವುದಿಲ್ಲ.

ಎಪ್ಪತ್ನಾಲ್ಕರಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಹುಮನಾಬಾದಿನ ಅವನ ಬೇಳೆ ಗಿರಣಿಯಲ್ಲಿದ್ದೆವು. ನಾನು ಅಂಗಳದಲ್ಲಿ ಬೇಳೆ ಕೇರುತ್ತಿದ್ದೆ. ನನ್ನ ಗಂಡ ಹಣಮಂತ ಒಳಗೆ ತೊಗರಿ ಒಡೆಯುವ ಯಂತ್ರದ ಮಗ್ಗುಲಲ್ಲೇ ನಿಲ್ಲುತ್ತಿದ್ದರು. ಆ ದರಿದ್ರ ಯಂತ್ರ ಶುರುವಾದರೆ ನೆಲ ನಡುಗುತ್ತಿತ್ತು. ಮನೆಗೆ ಬಂದ ಮೇಲೂ ಕಿವಿ ಗುಂಯ್ ಅನ್ನುತ್ತದೆ ಎನ್ನುತ್ತಿದ್ದರು. ಗಂಡಸಾಗಿ ಇಷ್ಟಕ್ಕೇ ನರಳುತ್ತೀರಲ್ಲ ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಆ ವರ್ಷ ಕಾರ್ಖಾನೆ ಇನ್ಸ್‌ಪೆಕ್ಟರ್ ಬಂದ. ಈ ಗದ್ದಲದಲ್ಲಿ ಕಿವಿ ಹೋಗುತ್ತವೆ, ಹೋದವು ಮತ್ತೆ ಬರುವುದಿಲ್ಲ ಎಂದು ಹೇಳಿ, ಒಳಗಿದ್ದವರಿಗೆಲ್ಲ ಮೇಣ ಸವರಿದ ಅರಳೆ ಹಂಚಿದ. ನನ್ನ ಗಂಡನ ಕಿವಿಗೆ ತಾನೇ ಒತ್ತಿ ತುಂಬಿದ. ನಾನು ಮೊರ ಬಿಸಾಡಿ ಒಳಗೆ ನುಗ್ಗಿದೆ. ನಮ್ಮಲ್ಲಿ ಹೀಗೆ ಅರಳೆ ತುಂಬುವುದು ಹೆಣದ ಕಿವಿಗೆ. ಕಟ್ಟಿಕೊಂಡವಳ ಕಣ್ಣೆದುರೇ ಬದುಕಿರುವ ಗಂಡನಿಗೆ ಹಾಗೆ ಮಾಡಿದರೆ ಸುಮ್ಮನಿರಲಾದೀತೇ?

"ನನ್ನ ಗಂಡ ಇನ್ನಾ ಜೀವಂತ ಅದಾರ. ಬೇಕಾದ್ರ ನಿಮ್ಮಪ್ಪನ ಕಿವಿಗಿ ತುರುಕು," ಎಂದು ಅರಳೆ ಕಿತ್ತು ಕಾಲಲ್ಲಿ ಹೊಸಕಿದೆ.

ನನ್ನ ಜೊತೆ ಕೇರುವ ವಜೀರಬಿ, ತಮ್ಮಲ್ಲೂ ಮಯ್ಯತಿಗೇ, ಹೆಣಕ್ಕೇ ಹೀಗೆ ಮಾಡುವುದು ಎಂದಳು. ಉಳಿದ ಗಂಡಸರೂ ಹೆದರಿ ಕಿತ್ತೆಸೆದರು. ಸಾವುಕಾರನಿಗೆ ಬೇಕಾದದ್ದೂ ಅದೇ. ಕೂಲಿಯವರೇ ಒಲ್ಲೆವೆಂದರು ಎಂದು ಕಾಗದ ಬರೆಸಿ, ಮೊದಲು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ. ಎಲ್ಲರೆದುರು ನನ್ನನ್ನು ಶ್ಯಾಣ್ಯಾಕಿ ಎಂದ. ನಾನು ಹುಚ್ಚಿ, ಉಬ್ಬಿಹೋದೆ.

ಆರು ವರ್ಷ ಕಳೆಯಿತು. ಮೊದಲು ನನ್ನ ಗಂಡನಿಗೆ ಬೆನ್ನ ಹಿಂದಿನ ಟಾಂಗಾ ಕೇಳಿಸಲಿಲ್ಲ. ಆಮೇಲೆ ಮಗಳ ಮಾತು, ಆಮೇಲೆ ನನ್ನದು. ಕೆಟ್ಟ ಮೇಲೆ ಬುದ್ಧಿ ಬಂತು ನನಗೆ. ಅಷ್ಟಿಷ್ಟು ಉಳಿದದ್ದಾದರೂ ಉಳಿಯಲಿ, ಹೊರಗಿನ ಕೆಲಸ ಕೊಡಿ ಎಂದು ಸಾವುಕಾರನ ಮುಂದೆ ಸೆರಗೊಡ್ಡಿದೆ.

ಅವನು ಎಲೆ ಅಡಿಕೆ ಅಗಿಯುತ್ತಲೇ, "ಒಲ್ಲೆ ಅಂದಾಕಿ ನೀನೇ ಅಲಾ? ಕಿವುಡ ಆದ್ರ ಯಂತ್ರಕ್ಕ ಇನ್ನಾ ಚಲೋನ. ಗದ್ದಲ ತಡೀತಾನ," ಎಂದ.

ಅವನ ಕಟ್ಟೆಯ ಮೇಲೆ ಉಗಿದು, ಗಂಡನ ಕೈ ಹಿಡಿದು ಮನೆಗೆ ಕರೆತಂದೆ.

ಮನೆ ಮುಂದೆ ಕೂರಿಸಿ, ತಪ್ಪು ನನ್ನದು ಎಂದು ಮೆಲ್ಲಗೆ ಹೇಳಿದೆ. ಅವರು ಕಿವಿ ಮುಂದೆ ಚಾಚಿದರು. ಇನ್ನೊಮ್ಮೆ ಹೇಳಿದೆ. ಎದುರು ಮನೆಯ ದ್ರೌಪತಿ ಬಾಗಿಲಿಗೆ ಬಂದಳು. ಹುಟ್ಟಿದಾಗಿನಿಂದ ಯಾರೆದುರೂ ತಪ್ಪೊಪ್ಪಿದವಳಲ್ಲ ನಾನು. ಓಣಿಯೆಲ್ಲ ಕೇಳಿದರೆ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗಿದೆ.

"ನಿಮ್ಮ ಕಿವಿ ಕಳದಾಕಿ ನಾನೇರಿ. ನಂದೇ ತಪ್ಪ."

ಓಣಿಯವರೆಲ್ಲ ಕೇಳಿದರು. ನನ್ನ ಗಂಡ ಮಾತ್ರ ನನ್ನ ಮುಖ ನೋಡಿ, ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ, ಕೇಶರಾ. ಯಾರಿಗಿ ಬೈಯಾಕತ್ತಿ?" ಎಂದರು.