ಬೆನ್ನ ಮೇಲಿನ ಗರಿ

ಕೋಳಿಯನ್ನು ಕೈಯಲ್ಲಿ ಹಿಡಿಯುವುದು ಸಾಕ್ಷಿಗೆ ಗೊತ್ತಿರಲಿಲ್ಲ. ಶಹಾಪುರದ ಅವಳ ತವರಿನಲ್ಲಿ ಲಿಂಗಪೂಜೆಯಾಗದೆ ಒಲೆ ಹೊತ್ತುತ್ತಿರಲಿಲ್ಲ. ಮೊಟ್ಟೆ ಕೂಡ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೆಳಗಾವಿಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವಳು ಹಕ್ಕಿಯ ರೆಕ್ಕೆಯ ಎಲುಬುಗಳನ್ನು ಬೋರ್ಡಿನ ಮೇಲೆ ತಪ್ಪಿಲ್ಲದೆ ಬರೆಯಬಲ್ಲಳು. ಆದರೆ ಗುಂಜಿಯಲ್ಲಿ, ಗಂಡನ ಮನೆಯ ಹಿತ್ತಲಿನಲ್ಲಿ, ಅತ್ತೆ ರೇಣವ್ವ ಬಿಳಿ ಕೋಳಿಯೊಂದನ್ನು ಮುಂದೆ ಚಾಚಿದಾಗ ಹಿಂದಕ್ಕೆ ಸರಿದಳು.

ನೆಗೆಣ್ಣಿ ಪ್ರಮಿಳಾ ನಕ್ಕಳು. "ಯವ್ವಾ! ಡಾಕ್ಟರ ಪೇಶಂಟಿಗೆ ಅಂಜಾಕ ಹತ್ಯಾರಲ್ಲ!"

"ನೀ ಸುಮ್ಮನಿರ," ರೇಣವ್ವ ಹಿರಿಯ ಸೊಸೆಯನ್ನು ಗದರಿ, ಕಿರಿಯವಳತ್ತ ತಿರುಗಿದಳು. "ನಾ ಹಿಡಿತೀನಿ, ನೀ ನೋಡವ್ವ. ಕಚ್ಚೂದಿಲ್ಲ."

ಬಿಳಿ ಕೋಳಿಯ ಬೆನ್ನು ಬೋಳಾಗಿತ್ತು. ಕತ್ತಿನ ಹಿಂಭಾಗದಲ್ಲಿ ಗರಿಯಿಲ್ಲದೆ ಕೆಂಪು ಚರ್ಮ ಕಾಣುತ್ತಿತ್ತು. ಕರಿಯದರದೂ ಚುಕ್ಕಿಯದರದೂ ಅದೇ ಗತಿ. ಓಣಿಯವರು ಆಗಲೇ ರೋಗ ಎನ್ನಲು ಶುರುಮಾಡಿದ್ದರು. ತಮ್ಮ ಕೋಳಿಗಳಿಗೂ ಹತ್ತೀತು ಎಂದು ಬಾಜು ಮನೆಯವರು ಬೇಲಿಗೆ ಹಳೆ ಸೀರೆ ಕಟ್ಟಿದ್ದರು. ಎಲ್ಲವನ್ನೂ ಖಾನಾಪುರದ ಸಂತೆಗೆ ಹಾಕಿ ಕೈತೊಳೆದುಕೊಳ್ಳೋಣ ಎಂಬುದು ಪ್ರಮಿಳಾಳ ಮಾತು. ರೇಣವ್ವ ಒಪ್ಪಿರಲಿಲ್ಲ. "ನಮ್ಮ ಸಣ್ಣ ಸೊಸಿ ಅದನ್ನ ಓದ್ಯಾಳ. ಅಕಿ ಬಂದು ನೋಡ್ಲಿ," ಎಂದು ಮಗನಿಗೆ ಫೋನು ಮಾಡಿಸಿದ್ದಳು.

ಆ ಮಾತನ್ನು ಗಂಡ ರಾಮಲಿಂಗ ಹೇಳಿದಾಗಿನಿಂದ ಸಾಕ್ಷಿಯ ಮನಸ್ಸಿನಲ್ಲಿ ಒಂದು ಬೆಚ್ಚನೆಯ ಗಡಿಬಿಡಿ. ಕುರಿ ಕಾಯ್ದ ಮನೆತನ ಇದು. ರಾಮಲಿಂಗ ಮಾತ್ರ ಮಚ್ಛೆಯ ಕಾರ್ಖಾನೆ ಸೇರಿದ್ದ. ಇಬ್ಬರೂ ತಾವೇ ಮೆಚ್ಚಿ ಮದುವೆಯಾದವರು. ಅತ್ತೆಯ ಮನೆಯಲ್ಲಿ ಯಾರೂ ಅವಳಿಗೆ ಗಟ್ಟಿಯಾಗಿ ಮಾತಾಡಿದವರಲ್ಲ. ಅವಳು ಬರುವ ಮುಂಚೆ ಅಡುಗೆಮನೆ ಸಾರಿಸುತ್ತಿದ್ದರು, ಅವಳ ಪಾತ್ರೆಗಳನ್ನು ಬೇರೆ ಗೂಡಿನಲ್ಲಿ ಮುಚ್ಚಿಡುತ್ತಿದ್ದರು, ಅವಳೆದುರು ಕೋಳಿಸಾರಿನ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ಈ ಮರ್ಯಾದೆಯಲ್ಲಿ ಅವಳು ಎಂದೂ ಮನೆಯವಳಾಗದೆ ಅತಿಥಿಯಾಗಿಯೇ ಉಳಿದಿದ್ದಳು. ಮನೆಯವಳು ಎಂದು ಅವರು ಅವಳಿಂದ ಕೇಳಿದ ಮೊದಲ ಕೆಲಸ ಇದೇ.

ಕ್ರಮ ತಪ್ಪದೆ ನೋಡಿದಳು. ಬಾಲದ ಕೆಳಗೆ, ರೆಕ್ಕೆಯ ಸಂದಿಯಲ್ಲಿ ಗರಿ ಸರಿಸಿ ಭೂತಗನ್ನಡಿ ಹಿಡಿದಳು. ಹೇನಿಲ್ಲ, ಗರಿಯ ಬುಡಕ್ಕೆ ಅಂಟಿದ ಸೀರಿಲ್ಲ. ಕೋಳಿಗಳು ಕೂರುವ ಗಳದ ಅಡಿಯನ್ನು ಬಿಳಿ ಬಟ್ಟೆಯಿಂದ ಒರೆಸಿದಳು. ರಕ್ತ ಹೀರುವ ನುಸಿಯಿದ್ದರೆ ಕೆಂಪು ಕಲೆ ಬೀಳಬೇಕಿತ್ತು, ಬೀಳಲಿಲ್ಲ. ವರ್ಷಕ್ಕೊಮ್ಮೆ ಗರಿ ಬದಲಾಯಿಸುವ ಕಾಲವಿರಬಹುದೇ ಎಂದರೆ ಹೊಸ ಗರಿಯ ಮುಳ್ಳುಗಳು ಎಲ್ಲೂ ಮೂಡಿರಲಿಲ್ಲ. ಇದ್ದ ಗರಿಗಳೂ ಉದುರಿದ್ದಲ್ಲ, ನಡುವೆ ಮುರಿದಿದ್ದವು. ಬಿಳಿ ಕೋಳಿಯ ಎರಡೂ ಪಕ್ಕೆಗಳಲ್ಲಿ ಗೀರಿದಂಥ ಉದ್ದ ಗಾಯಗಳಿದ್ದವು.

"ಮೇವು ಏನ ಹಾಕ್ತೀರಿ?"

"ನುಚ್ಚು, ತೌಡು. ಮತ್ತೇನ, ಬದಾಮಿ ಹಾಕೂಣೇನು?" ಎಂದಳು ಪ್ರಮಿಳಾ.

"ಹುಂಜ ಐತೇನು?"

ರೇಣವ್ವ ಪ್ರಮಿಳಾಳತ್ತ ನೋಡಿದಳು. ಎಲ್ಲೋ ದನದ ಕೊಟ್ಟಿಗೆಯ ಕಡೆಯಿಂದ ಒಂದು ಹುಂಜದ ಕೂಗು ಕೇಳಿತು. "ನಮ್ಮನ್ಯಾಗ ಇಲ್ಲವ್ವ," ಎಂದಳು ರೇಣವ್ವ, ಕೋಳಿಯ ಕಾಲು ಸರಿಮಾಡುತ್ತ. "ನಮ್ಮವು ನಾಕ ಹ್ಯಾಟಿ. ಓಣ್ಯಾಗ ಹುಂಜಕ್ಕೇನ ಕಮ್ಮಿ?"

ನಾಲ್ಕನೆಯದು ಕೆಂಪಿ. ಅದು ಹಿಡಿಯಲು ಸಿಗದೆ ಹಿತ್ತಲ ಗೋಡೆ ಹತ್ತಿ ಕೂತಿತು. ರೇಣವ್ವ ಹಿಂದೆ ಬೀಳಹೊರಟಾಗ "ಇರ್ಲಿ ಬಿಡ್ರಿ ಅತ್ತಿ, ಕಾಣಸ್ತೈತಿ" ಎಂದಳು ಸಾಕ್ಷಿ. ಕಾಣುತ್ತಿತ್ತು. ಬೆನ್ನು ಇಳಿಬಿಸಿಲಲ್ಲಿ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು, ಒಂದು ಗರಿಯೂ ಕದಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ಹಾರಿ, ನೆಲದಲ್ಲಿ ಬಿದ್ದಿದ್ದ ಬಿಳಿ ಗರಿಯೊಂದನ್ನು ಕೊಕ್ಕಿನಲ್ಲಿ ಎತ್ತಿ ಕುಕ್ಕಿತು.

ಅಷ್ಟು ಸಾಕಾಯಿತು. ಮೇವಿನಲ್ಲಿ ಪ್ರೋಟೀನು ಕಡಿಮೆಯಾದರೆ ಕೋಳಿಗಳು ಒಂದರ ಗರಿ ಇನ್ನೊಂದು ಕುಕ್ಕುತ್ತವೆ. ಗುಂಪಿನಲ್ಲಿ ಯಾವುದರ ಗರಿ ನೆಟ್ಟಗಿರುತ್ತದೋ ಅದೇ ಕುಕ್ಕುವ ಕೋಳಿ. ಸಾಕ್ಷಿ ಇದನ್ನು ಓದಿದ್ದಳು, ಇಂಥದೇ ತರ್ಕ ಮಕ್ಕಳಿಗೂ ಕಲಿಸಿದ್ದಳು. ನಿಧಾನವಾಗಿ ಬಿಡಿಸಿ ಹೇಳಿದಳು: ರೋಗವಲ್ಲ, ಅಂಜಬೇಕಿಲ್ಲ, ಶೇಂಗಾ ಹಿಂಡಿ ಹಾಕಬೇಕು, ಈ ಒಂದನ್ನು ಗುಂಪಿನಿಂದ ತೆಗೆಯಬೇಕು.

"ಕೆಂಪೀನ?" ರೇಣವ್ವ ಕೋಳಿಯನ್ನೇ ನೋಡುತ್ತಿದ್ದಳು. "ಅದು ಅಂಥಾದಲ್ಲವ್ವ. ಬ್ಯಾರೆ ಕೋಳಿ ತತ್ತಿನೂ ತನ್ನವ ಅನಕೊಂಡು ಮರಿ ಮಾಡ್ತೈತಿ."

"ಅತ್ತಿ, ಒಂದನ್ನ ತಗದ್ರ ಮೂರು ಉಳಿತಾವು."

ರೇಣವ್ವ ತಲೆಯಾಡಿಸಿದಳು. "ನೀ ಹೇಳಿದ ಮ್ಯಾಲ ಮತ್ತೇನೈತಿ." ಬಾಜು ಮನೆಯವರಿಗೆ ಕೇಳುವಂತೆ ಬೇಲಿಯತ್ತ ಮುಖ ಮಾಡಿ ದನಿ ಎತ್ತಿದಳು: "ರೋಗ ಅಲ್ಲಂತ! ನಮ್ಮ ಸೊಸಿ ನೋಡಿ ಹೇಳ್ಯಾಳ!"

ತೆಗೆದ ಕೋಳಿಯನ್ನು ಏನು ಮಾಡುತ್ತಾರೆ ಎಂದು ಸಾಕ್ಷಿ ಕೇಳಲಿಲ್ಲ. ಸಂಜೆಯ ಗಾಡಿಗೆ ಬೆಳಗಾವಿಗೆ ಮರಳುವಾಗ ಕಿಟಕಿಯ ಬಳಿ ಕೂತು, ಅತ್ತೆ ಬೇಲಿಗೆ ಕೇಳಿಸಿದ ಆ ಮಾತನ್ನೇ ಮತ್ತೆ ಮತ್ತೆ ನೆನೆಸಿಕೊಂಡಳು.

ಕೆಲವು ದಿನ ಕಳೆದ ಮೇಲೆ ತಾನೇ ಫೋನು ಮಾಡಿದಳು.

"ಇನ್ನೂ ಹಂಗ ಅದಾವವ್ವ," ಎಂದಳು ರೇಣವ್ವ, ತಪ್ಪು ತನ್ನದೇ ಎಂಬಂತೆ. "ಹಿಂಡಿ ಹಾಕಾಕ ಹತ್ತೇವಿ. ಬಿಳೀದರ ಬೆನ್ನಾಗ ರಕ್ತ ಬಂದೈತಿ. ತಡ ಆಗತೈತೇನ, ಗುಣ ಆಗಾಕ?"

"ಕೆಂಪಿ ತಗದೀರಲ್ರಿ?"

"ಅಂವತ್ತ ಸಂಜೀಕ ತಗದ್ವಿ. ಪುಕ್ಕ ಬಿಡಿಸೂಮುಂದ ನೋಡಿದೆ. ಎದಿ ಎಲ್ಲಾ ಬೋಳ. ಮಳಿಗಾಲ ಪೂರಾ ಬುಟ್ಟಿ ಬುಡಕ ಕುಂತಿತ್ತಲ್ಲ, ಮೊದಲ ಕಾವಿಗೆ, ಆಮ್ಯಾಲ ಮರಿ ಕಟಗೊಂಡು. ಮೊನ್ನಿ ಮೊನ್ನಿ ಹೊರಗ ಬಿಟ್ಟಿದ್ವಿ."

ಸಾಕ್ಷಿ ಫೋನು ಇಟ್ಟ ಮೇಲೆ ಅಡುಗೆಕಟ್ಟೆಯ ಬಳಿ ನಿಂತಳು. ಕಾವಿಗೆ ಕೂರುವ ಹಕ್ಕಿ ಎದೆಯ ಗರಿ ಕಳೆದುಕೊಳ್ಳುತ್ತದೆ, ಮೈಯ ಬಿಸಿ ನೇರ ಮೊಟ್ಟೆಗೆ ತಾಗಲೆಂದು. ಇದು ಪ್ರತಿ ವರ್ಷ ಅವಳು ಹೇಳುವ ಪಾಠ. ಕೆಂಪಿಯನ್ನು ಒಮ್ಮೆ ತಿರುವಿ ಹಿಡಿದಿದ್ದರೆ ಆ ಬೋಳು ಎದೆ ಕಂಡಿರುತ್ತಿತ್ತು. ಅದು ಇತರ ಕೋಳಿಗಳೊಂದಿಗೆ ಇರಲೇ ಇಲ್ಲ ಎಂದು ತಿಳಿದಿರುತ್ತಿತ್ತು. ಅದರ ಬೆನ್ನು ನೆಟ್ಟಗಿದ್ದದ್ದು ಬೇರೆಯವುಗಳ ಗರಿ ಕುಕ್ಕಿದ್ದಕ್ಕಲ್ಲ. ಬುಟ್ಟಿಯ ಕೆಳಗಿದ್ದದ್ದಕ್ಕೆ ನೆಟ್ಟಗಿತ್ತು. ಹಾಗಾದರೆ ಬುಟ್ಟಿ ಅದನ್ನು ಯಾವುದರಿಂದ ಕಾಪಾಡಿತ್ತು? ಮುರಿದ ಗರಿ, ಕತ್ತಿನ ಹಿಂದಿನ ಬೋಳು, ಎರಡೂ ಪಕ್ಕೆಗೆ ಗೀರು. ಎಲ್ಲವನ್ನೂ ಅವಳು ಕಂಡಿದ್ದಳು. ಕಂಡು ಪಕ್ಕಕ್ಕಿಟ್ಟಿದ್ದಳು.

ಮರುದಿನ ಕಾಲೇಜಿಗೆ ರಜೆ ಹಾಕಿ, ಯಾರಿಗೂ ಹೇಳದೆ ಗುಂಜಿಗೆ ಹೋದಳು. ಮುಂಬಾಗಿಲಿಗೆ ಹೋಗದೆ ಹಿತ್ತಲ ದಾರಿ ಹಿಡಿದಳು.

ಹಿತ್ತಲಿನ ನಡುವೆ ಅದು ನಿಂತಿತ್ತು. ಅಷ್ಟು ದೊಡ್ಡ ಹುಂಜವನ್ನು ಅವಳು ನೋಡಿರಲಿಲ್ಲ. ಕಾಲಿನ ಹಿಂದಿನ ಮುಳ್ಳುಗುರು ಬೆರಳ ಗೆಣ್ಣಿನುದ್ದ ಬೆಳೆದು ಮೇಲಕ್ಕೆ ಬಾಗಿತ್ತು. ಒಂದು ಕಾಲಿಗೆ ಅರಿಸಿನದ ಕೊಂಬು ಕಟ್ಟಿದ ದಾರ, ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ನೋಡುತ್ತಿದ್ದಂತೆ ಅದು ಬಿಳಿ ಕೋಳಿಯನ್ನು ಅಟ್ಟಿ ಹಿಡಿದು ಬೆನ್ನೇರಿತು. ಕೊಕ್ಕು ಕತ್ತಿನ ಬೋಳಿಗೆ, ಎರಡು ಕಾಲು ಎರಡು ಪಕ್ಕೆಗೆ. ಕೋಳಿ ಅದರ ಭಾರಕ್ಕೆ ನೆಲಕ್ಕೆ ಒತ್ತಿಹೋಯಿತು.

ಸಗಣಿಗೈಯಲ್ಲಿ ಕೊಟ್ಟಿಗೆಯಿಂದ ಬಂದ ಪ್ರಮಿಳಾ ಸಾಕ್ಷಿಯನ್ನು ಕಂಡು ಅಲ್ಲೇ ನಿಂತಳು.

"ಅಕ್ಕಾರ, ಇದು ಯಾರ ಹುಂಜ?"

ಪ್ರಮಿಳಾ ಒಳಗೆ ತಿರುಗಿ ಕೂಗಿದಳು. "ಅತ್ತೀ, ಹೊರಗ ಬರ್ರಿ. ಇನ್ನ ಮುಚ್ಚಿಡಾಕ ಆಗೂದಿಲ್ಲ."

ರೇಣವ್ವ ಬಂದು ಇಬ್ಬರನ್ನೂ ನೋಡಿದಳು, ಹುಂಜವನ್ನೂ ನೋಡಿದಳು. ಮೆಟ್ಟಿಲ ಮೇಲೆ ಕೂತಳು.

"ಅದು ನಿಂದವ್ವ," ಎಂದಳು. "ನಿನ್ನ ಹೆಸರಿಲೆ ಬಿಟ್ಟಿದ್ದು."

ಹಿಂದಿನ ವರ್ಷ ಸಾಕ್ಷಿಗೆ ಡೆಂಗಿ ಬಂದು ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. "ರಾಮಲಿಂಗ ಫೋನಿನ್ಯಾಗ ಅತ್ತ," ಎಂದಳು ರೇಣವ್ವ. "ಡಾಕ್ಟರ ಮಾತ ನನಗ ತಿಳೀಲಿಲ್ಲ. ನೀ ಬಿಟ್ಟ ಹೋಗಿದ್ದ ಜಂಪರ ಗೂಟಕ್ಕ ಇತ್ತು. ಅದರ ಮ್ಯಾಲ ಒಂದ ಹುಂಜನ ಮರಿ ನಿವಾಳಿಸಿ, ನನ್ನ ಸೊಸೀನ್ನ ಉಳಸು ಅಂತ ದ್ಯಾಮವ್ವಗ ಬಿಟ್ಟೆ. ನೀ ಎದ್ದಿ. ಹರಕಿ ಮುಟ್ಟಸಬೇಕಂದ್ರ ಯಾರ ಹೆಸರಿಲೆ ಬಿಟ್ಟೈತೋ ಅವರ ಬಂದು ನಿಂದರಬೇಕು. ಬಸವಣ್ಣನವರ ಮನಿ ಹುಡುಗಿಗೆ, ನಿನ್ನ ಸಲುವಾಗಿ ಕೋಳಿ ಕೊಯ್ತೀವಿ ಬಾ ಅಂತ ಹೆಂಗ ಹೇಳ್ಲಿ? ನಾಳಿ ಹೇಳಿದ್ರಾತು, ನಾಡದ ಹೇಳಿದ್ರಾತು ಅಂತ ಇಷ್ಟ ದೊಡ್ಡದಾತು."

"ನಾ ಕೇಳಿದ್ನಲ್ರಿ, ಹುಂಜ ಐತೇನು ಅಂತ."

"ದೇವರಿಗೆ ಬಿಟ್ಟಿದ್ದನ್ನ ಮನೀದು ಅನ್ನೂದಿಲ್ಲವ್ವ ನಾವು. ಮನೀ ಕೋಳಿ ಎಣಸೂಮುಂದ ಅದನ್ನ ಎಣಸೂದಿಲ್ಲ, ಅದರ ಮ್ಯಾಲ ಸಂಶೇ ಪಡೂದಿಲ್ಲ." ರೇಣವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಖರೇ ಹೇಳ್ತೀನಿ, ನೀ ಬರತಿ ಅಂತ ಅಂವತ್ತ ಪ್ರಮಿಳಾನ ಕಡಿಂದ ಇದನ್ನ ಕೊಟ್ಟಿಗ್ಯಾಗ ಬುಟ್ಟಿ ಬುಡಕ ಮುಚ್ಚಿಸಿದ್ದೆ. ನಿನ್ನ ಮನಸಿಗೆ ಹತ್ತಬಾರದು ಅಂತ."

"ನಾ ಅವಾಗ ಅಂದೆ," ಎಂದಳು ಪ್ರಮಿಳಾ ಮೆಲ್ಲಗೆ. "ಅಕೀಗೆ ಹೇಳಿಬಿಡ್ರಿ, ಅಕಿ ಏನ ನಮ್ಮನ್ನ ನುಂಗ್ತಾಳೇನು ಅಂತ."

ಸಾಕ್ಷಿಗೆ ಸಿಟ್ಟು ಬರಲಿಲ್ಲ. ತವರಿನ ತಾಯಿ ಸಂಗವ್ವನಿಗೆ ಇದನ್ನು ಹೇಳಲಾರೆ ಎನಿಸಿತು. ಆ ಜ್ವರದ ದಿನಗಳಲ್ಲಿ ಇಲ್ಲಿ ಯಾರೋ ತನ್ನ ಹಳೆಯ ಜಂಪರವನ್ನು ಮುಂದಿಟ್ಟುಕೊಂಡು ದೇವರಲ್ಲಿ ಬೇಡಿಕೊಂಡಿದ್ದರು ಎಂದುಕೊಳ್ಳುತ್ತ ಅತ್ತೆಯ ಪಕ್ಕ ಕೂತಳು.

"ಕೆಂಪೀನ್ನ ನಾ ದೂರಿಂದ ನೋಡಿದೆ ಅತ್ತಿ," ಎಂದಳು. "ಮೂರನ್ನ ತಿರುವಿ ನೋಡಿ, ಅದನ್ನ ಒಂದನ್ನ ಬಿಟ್ಟೆ. ಅದರದೇನೂ ತಪ್ಪಿರಲಿಲ್ಲ."

ರೇಣವ್ವ ಬಿಳಿ ಕೋಳಿಯತ್ತ ನೋಡಿದಳು. "ಗರಿ ಬರ್ತಾವೇನವ್ವ ಇವಕ್ಕ?"

"ಮುರಿದ ಗರಿ ಬೆಳೆಯೂದಿಲ್ರಿ. ಅದರ ಬುಡ ಉದುರಿ, ಹೊಸಾದು ಹುಟ್ಟಬೇಕು. ಅಲ್ಲೀಮಟಾ ಕಾಯಬೇಕು. ಹುಂಜದ ಮುಳ್ಳು ಮೊಂಡ ಮಾಡಬೇಕು, ಮತ್ತ ಅದನ್ನ ಬ್ಯಾರೆ ಇಡಬೇಕು."

"ದೇವರ ಹುಂಜಕ್ಕ ಅರ ಹಚ್ಚೂದ?" ಎಂದಳು ಪ್ರಮಿಳಾ.

"ಹಚ್ಚು," ಎಂದಳು ರೇಣವ್ವ. "ದ್ಯಾಮವ್ವನೂ ಹೆಣ್ಣ ಅದಾಳ."

ಹುಂಜವನ್ನು ಕೊಟ್ಟಿಗೆಯ ಮೂಲೆಗೆ ಅಟ್ಟಿ ಹಿಡಿದದ್ದು ಪ್ರಮಿಳಾ. ಅರ ರೇಣವ್ವನ ಕೈಯಲ್ಲಿ. ಮುಳ್ಳಿನ ಕಾಲು ಜಗ್ಗಿ ಹಿಡಿಯಲು ಪ್ರಮಿಳಾಗೆ ಎರಡೂ ಕೈ ಬೇಕಾದಾಗ ಮೈ ಹಿಡಿಯಲು ಯಾರೂ ಇರಲಿಲ್ಲ. ಸಾಕ್ಷಿ ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ರೆಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು ಒತ್ತಿ ಹಿಡಿದಳು. ಗರಿಯ ಕೆಳಗೆ ಅದು ಅವಳು ತಿಳಿದದ್ದಕ್ಕಿಂತ ಬಿಸಿಯಾಗಿತ್ತು. ಎದೆ ಎಣಿಸಲಾರದಷ್ಟು ವೇಗವಾಗಿ ಬಡಿಯುತ್ತಿತ್ತು.

"ಹರಕಿ?" ಎಂದಳು, ಅರ ನಿಂತಾಗ.

"ನಾ ನಿನ್ನ ಬಾ ಅನ್ನೂದಿಲ್ಲ," ಎಂದಳು ರೇಣವ್ವ. "ಬರಬ್ಯಾಡ ಅಂತನೂ ಅನ್ನೂದಿಲ್ಲ."

ಬಾ ಎಂದರೆ ಬರುತ್ತೇನೆ ಎನ್ನಲೂ, ಇದನ್ನು ಹಾಗೇ ಬಿಟ್ಟುಬಿಡಿ ಎನ್ನಲೂ ಸಾಕ್ಷಿಗೆ ಆಗಲಿಲ್ಲ. ಕೈ ಮಾತ್ರ ಸಡಿಲಿಸಲಿಲ್ಲ.

ಹೊತ್ತು ಇಳಿದಾಗ ಗಾಡಿಗೆ ಹೊರಟವಳು ಹಿತ್ತಲಲ್ಲಿ ನಿಂತಳು. ಕೆಂಪಿಯ ಮರಿಗಳು, ಈಗ ಅರೆಬೆಳೆದ ಎಳೆಗೋಳಿಗಳು, ಗಳದ ಕಡೆ ಹೋಗದೆ ಗೋಡೆಯ ಬಳಿ ಕವುಚಿಟ್ಟ ಹಳೆಯ ಬುಟ್ಟಿಯ ಸುತ್ತ ಒತ್ತಿಕೊಂಡು ನಿಂತಿದ್ದವು.

"ದಿನಾ ಹಿಂಗ ಮಾಡ್ತಾವು," ಎಂದಳು ರೇಣವ್ವ ಬಾಗಿಲಿನಿಂದ. "ನಾನ ಎತ್ತಿ ಹಾಕ್ತೀನಿ ಬಿಡು, ನಿನ್ನ ಗಾಡಿ ತಪ್ಪೀತು."

ಸಾಕ್ಷಿ ಚೀಲ ಕೆಳಗಿಟ್ಟಳು. ಬುಟ್ಟಿಯ ಒಂದು ಅಂಚು ಎತ್ತಿ ಹಿಡಿದಳು. ಮರಿಗಳು ಒಂದರ ಹಿಂದೊಂದು ಒಳಗೆ ನುಗ್ಗಿ, ಖಾಲಿ ನೆಲದ ಮೇಲೆ ತಮ್ಮ ತಮ್ಮ ಜಾಗಕ್ಕೆ ಜಗಳಾಡಿ, ನಡುವೆ ಒಂದು ಕೋಳಿ ಕೂರುವಷ್ಟು ಜಾಗ ಬಿಟ್ಟು ಕೂತವು.