ಗಿಳಿ ಕಲಿತ ಘೋಷಣೆ

ಅಕ್ಕನ ಮಗಳನ್ನು ನಾವೆಲ್ಲ ಗಿಳಿ ಎಂದೇ ಕರೆಯುತ್ತೇವೆ. ಒಮ್ಮೆ ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಾಳೆ. ಅಕ್ಕ ಕಾರ್ಖಾನೆಯಿಂದ ಬರುವವರೆಗೆ ಭಾವನ ಹೊಲಿಗೆ ಅಂಗಡಿಯಲ್ಲಿ, ನನ್ನ ಮೆಷಿನ್ನಿನ ಪಕ್ಕ, ಗುಂಡಿಗಳ ಡಬ್ಬ ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಉದ್ದದ ಹೊಲಿಗೆ ನೆಟ್ಟಗೆ ಬರಬೇಕಾದರೆ ಪೆಡಲನ್ನು ಒಂದೇ ಸಮನೆ ತುಳಿಯಬೇಕು. ಅದಕ್ಕೆ ಗಿಳಿ ಮಗ್ಗಿಯನ್ನೋ ಪದ್ಯವನ್ನೋ ಹೇಳುತ್ತಾಳೆ, ಆ ತಾಳಕ್ಕೆ ನಾನು ತುಳಿಯುತ್ತೇನೆ. ನಮ್ಮಿಬ್ಬರ ಕೆಲಸ ನಡೆಯುವುದೇ ಹಾಗೆ.

ಚುನಾವಣೆ ಬಂದಾಗ ಒಂದು ಪಕ್ಷದ ಬಾವುಟ, ಟೋಪಿಗಳ ಕೆಲಸವೆಲ್ಲ ನಮ್ಮ ಅಂಗಡಿಗೆ ಸಿಕ್ಕಿತು. ತಂದುಕೊಟ್ಟವನು ಪ್ರಚಾರದ ಆಟೋದಲ್ಲಿ ಕೂಗುತ್ತ ತಿರುಗುವ ಮೈಕಣ್ಣ. ಬಂದಾಗಲೆಲ್ಲ ಅಂದಿನ ಘೋಷಣೆಯನ್ನು ನಮ್ಮೆದುರು ಕೂಗಿ ನೋಡುತ್ತಿದ್ದ. ಒಂದು ಸಂಜೆ ನಾನು ಬಾವುಟದ ಅಂಚು ಮಡಚಿ ಹೊಲಿಯುತ್ತಿರುವಾಗ ಗಿಳಿ ಮಗ್ಗಿಯ ಬದಲು ಅದನ್ನೇ ಶುರುಮಾಡಿದಳು.

"ಆಸ್ಪತ್ರೆ ಔಷಧಿ ಎಲ್ಲಿ ಹೋಯ್ತು? ನರ್ಸಮ್ಮನ ಮನೇಲಿ ಮಾಯ ಆಯ್ತು."

ನನ್ನ ಕಾಲು ತಾನಾಗಿಯೇ ಆ ಸಾಲಿಗೆ ತುಳಿಯತೊಡಗಿತು. ನರ್ಸಮ್ಮ ಎದುರು ಪಕ್ಷದ ಅಭ್ಯರ್ಥಿ. ಗಿಳಿ ಹುಟ್ಟಿದಾಗ ಅವಳನ್ನು ಮೊದಲು ಎತ್ತಿಕೊಂಡ ಕೈ ಅವರದು. ಅವರ ಮೊಮ್ಮಗಳೂ ಗಿಳಿಯೂ ಶಾಲೆಯಲ್ಲಿ ಒಂದೇ ಬೆಂಚು.

ಮೈಕಣ್ಣ ಟೀ ಲೋಟ ಕೆಳಗಿಟ್ಟ. "ಏನ್ ಗಂಟಲಯ್ಯಾ ಇದು. ನಾನು ಕೂಗಿ ಕೂಗಿ ಕಾಗೆ ಆಗಿದೀನಿ. ನಾಳೆ ಇವಳನ್ನ ಆಟೋದಲ್ಲಿ ಕೂರ್ಸು."

"ಮಕ್ಕಳಿಗೆ ಯಾಕಣ್ಣ ಇದೆಲ್ಲ," ಎಂದು ಭಾವ ನಕ್ಕ.

"ನಾನು ಹೇಳಿದ್ರೆ ಸುಳ್ಳು ಅಂತಾರೆ. ಮಗು ಹೇಳಿದ್ರೆ ಅನ್ನಲ್ಲ. ಅದಕ್ಕೇ."

ಭಾವ ಬಾವುಟದ ಬಟ್ಟೆಯ ರಾಶಿ ನೋಡಿ ಹೂಂ ಎಂದ. ಮರುದಿನ ಗಿಳಿ ಹೋಗಿಬಂದಳು. ಧ್ವನಿ ಒಡೆದಿತ್ತು, ಮುಖ ಅರಳಿತ್ತು. ಬೀದಿಬೀದಿಯ ಜನ ಅವಳನ್ನೇ ನೋಡಿದರಂತೆ.

ಅದರ ಮಾರನೆಯ ದಿನ ಶಾಲೆಯಿಂದ ಬಂದವಳು ಗುಂಡಿಯ ಡಬ್ಬ ಮುಟ್ಟಲಿಲ್ಲ.

"ಚಿಕ್ಕಮ್ಮ, ನರ್ಸಮ್ಮ ಔಷಧಿ ಕದ್ದಿದ್ದು ನೀನು ನೋಡಿದ್ಯಾ?"

"ಇಲ್ಲ."

"ಅಪ್ಪ?"

"ಇಲ್ಲ ಅನ್ಸುತ್ತೆ, ಪುಟ್ಟಿ."

"ಮತ್ತೆ ನಾನು ಹೇಳ್ಬಿಟ್ನಲ್ಲ. ಅವರ ಮೊಮ್ಮಗಳು ಬೆಂಚು ಬಿಟ್ಟು ಎದ್ದೋದ್ಲು."

ಅಷ್ಟರಲ್ಲಿ ಮೈಕಣ್ಣನೇ ಒಳಗೆ ಬಂದ. ಇವತ್ತು ದೊಡ್ಡ ಸಭೆ, ವೇದಿಕೆಯ ಮೇಲೆ ಹೇಳಿಸಬೇಕು, ಬೇಗ ಕಳಿಸಿ ಎಂದ. ಗಿಳಿ ನನ್ನ ಬೆನ್ನಿಗೆ ಅಂಟಿಕೊಂಡಳು. ಭಾವ ಕತ್ತರಿ ಹಿಡಿದವನು ಹಿಡಿದೇ ನಿಂತ.

ನಾನು ಗಿರಾಕಿಗಳೆದುರು ಮಾತಾಡುವವಳಲ್ಲ. ಅಳತೆ ತೆಗೆದುಕೊಳ್ಳುವಾಗಲೂ ಕೈಸನ್ನೆಯಲ್ಲೇ ತಿರುಗಿಸಿ ನಿಲ್ಲಿಸುತ್ತೇನೆ. ಆದರೂ ಬಾಯಿಂದ ಬಂದುಬಿಟ್ಟಿತು. "ಅವಳು ಬರಲ್ಲ."

"ಓಹೋ, ಮೂಗಿ ಬಾಯಿ ಬಿಟ್ಲು," ಎಂದ ಮೈಕಣ್ಣ. "ಶಾಲೆ ಮುಗಿಸದೋಳಿಗೆ ರಾಜಕೀಯ ಯಾಕಮ್ಮ?"

"ಅವಳೂ ಇನ್ನೂ ಮುಗ್ಸಿಲ್ಲ."

ಭಾವನಿಗೆ ನಗು ಬಂತು. ನುಂಗಿಕೊಂಡು ಕತ್ತರಿ ಕೆಳಗಿಟ್ಟ. "ಬಿಡಣ್ಣ. ಅವಳಿಗೆ ಇಷ್ಟ ಇಲ್ಲ."

ಮೈಕಣ್ಣ ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಜೇಬಿನಿಂದ ಫೋನು ತೆಗೆದು ಅಲ್ಲಾಡಿಸಿ ತೋರಿಸಿದ. "ಬರದಿದ್ರೂ ನಡಿಯುತ್ತೆ. ನಿನ್ನೇನೆ ರೆಕಾರ್ಡ್ ಮಾಡ್ಕೊಂಡಿದೀನಿ."

"ಅಣ್ಣಾ, ಅದನ್ನ ಹಾಕ್ಬೇಡ," ಎನ್ನುತ್ತ ಭಾವ ಬಾಗಿಲವರೆಗೆ ಹೋದ. ಮೈಕಣ್ಣ ತಿರುಗಿ ನೋಡದೆ ಆಟೋ ಹತ್ತಿದ.

ಸ್ವಲ್ಪ ಹೊತ್ತಿಗೆ ಆಟೋ ನಮ್ಮ ಬೀದಿಗೇ ತಿರುಗಿತು. ಮೊದಲು ಹಾಡು, ಆಮೇಲೆ ಗಿಳಿಯ ಧ್ವನಿ, ಬೀದಿಯುದ್ದಕ್ಕೂ, ಒಂದು ಅಕ್ಷರ ತಪ್ಪದೆ. ಗಿಳಿ ಮೆಷಿನ್ನಿನ ಪಕ್ಕ ಮುದುಡಿ ಕೂತು ಕಿವಿ ಮುಚ್ಚಿಕೊಂಡಳು.

"ನಿಲ್ಸು ಚಿಕ್ಕಮ್ಮ."

ಕೈಗೆ ಸಿಕ್ಕ ಚಿಂದಿಯನ್ನು ಸೂಜಿಯಡಿ ಇಟ್ಟು ಜೋರಾಗಿ ತುಳಿದೆ. ಆ ಸದ್ದಾದರೂ ಮುಚ್ಚಲಿ ಎಂದು. ಕಾಲು ಮತ್ತೆ ಅದೇ ಸಾಲಿನ ತಾಳಕ್ಕೆ ಬಿತ್ತು: ಎಲ್ಲಿ ಹೋಯ್ತು, ಮಾಯ ಆಯ್ತು. ಬೇಕೆಂದೇ ತಾಳ ತಪ್ಪಿಸಿದೆ. ಒಮ್ಮೆ ಓಡಿಸಿ, ಒಮ್ಮೆ ತಡೆದು, ಹೇಗೆಂದರೆ ಹಾಗೆ. ಹೊಲಿಗೆ ಹಾವಿನ ಹಾಗೆ ಹರಿಯಿತು.

"ಇನ್ನೂ ಜೋರಾಗಿ."

ದಾರ ಕಿತ್ತುಹೋಯಿತು. ಮೆಷಿನ್ನು ನಿಂತಾಗ ಆಟೋ ಮುಂದಿನ ಬೀದಿಗೆ ಹೊರಳಿತ್ತು. ಅಲ್ಲಿಂದಲೂ ಅವಳ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ನರ್ಸಮ್ಮನ ಬೀದಿ.